ಬ್ಯಾಕಪ್ ತಂತ್ರಾಂಶದ ಆಯ್ಕೆ: ಉಚಿತವೋ, ಕ್ರಯದ್ದೋ?

ಪ್ರವೇಶ ದಾಖಲೆ, ಅಂಕಪಟ್ಟಿ, ವೇತನದ ಲೆಕ್ಕಗಳೆಲ್ಲ ಗಣಕಯಂತ್ರವನ್ನು ಸೇರಿದ ಮೇಲೆ, ಜಾಲದಲ್ಲಿರುವ ಯಂತ್ರಗಳಿಂದ ಅವುಗಳ ಪ್ರತಿಯನ್ನು ತೆಗೆದು ಬೇರೆಡೆ ಕಾಪಿಡುವ ತಂತ್ರಾಂಶವು ಪ್ರತಿಯೊಂದು ಸಂಸ್ಥೆಗೂ ಅನಿವಾರ್ಯವಾಗಿದೆ. ಬ್ಯಾಕಪ್ ಎಂದು ಕರೆಯಲಾಗುವ ಈ ಕಾರ್ಯಕ್ಕೆ ಉಚಿತ ತಂತ್ರಾಂಶವನ್ನು ಆಶ್ರಯಿಸಬೇಕೆ, ಹಣ ತೆತ್ತು ಕೊಳ್ಳಬೇಕೆ ಎಂಬ ಪ್ರಶ್ನೆ ಆಡಳಿತ ಮಂಡಲಿಗಳ ಮುಂದೆ ಬರುವುದುಂಟು.

ಉಚಿತವೆಂದ ಮಾತ್ರಕ್ಕೆ ಕೀಳೆಂದು ಭಾವಿಸುವುದು ಸಲ್ಲದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ ಜನ್ಮತಾಳಿದ ‘ಅಮಾಂಡಾ’ ಇದಕ್ಕೆ ನಿದರ್ಶನ. ಅದು ಪ್ರತಿಗಳನ್ನು ‘ಟಾರ್’, ‘ಡಂಪ್’ ಎಂಬ ಯುನಿಕ್ಸ್‌ನ ಸಾಮಾನ್ಯ ಸಾಧನಗಳ ಮೂಲಕವೇ ಸಿದ್ಧಪಡಿಸುವುದರಿಂದ, ಮುಂದೊಮ್ಮೆ ಅಮಾಂಡಾ ಕೈಗೆ ಸಿಗದಿದ್ದರೂ ಹಳೆಯ ಪ್ರತಿಯನ್ನು ಬಿಚ್ಚಿ ಓದಬಹುದು. ದಶಕಗಳ ದಾಖಲೆಯನ್ನು ಕಾಯಬೇಕಾದವರಿಗೆ ಇದು ಅಲ್ಪ ಲಾಭವಲ್ಲ. 2000ದಲ್ಲಿ ಕೆರ್ನ್ ಸಿಬ್ಬಾಲ್ಡ್ ಅವರು ಆರಂಭಿಸಿದ ‘ಬಾಕ್ಯುಲಾ’ ಇನ್ನೂ ವಿಸ್ತಾರವಾದುದು. ಆದರೆ ಅದರಲ್ಲಿ ಆಜ್ಞೆ ನೀಡುವ, ಸಂಗ್ರಹಿಸುವ, ಕಡತ ಕಳುಹಿಸುವ ಭಾಗಗಳು ಬೇರೆಬೇರೆ. ಅವುಗಳನ್ನು ಹೊಂದಿಸಲು ಬಲ್ಲವನೊಬ್ಬ ಬೇಕು. ಅವನು ವರ್ಗವಾಗಿ ಹೋದರೆ ಉಚಿತದ ನಿಜವಾದ ಬೆಲೆ ತಿಳಿಯುತ್ತದೆ.

ಕ್ರಯದ ತಂತ್ರಾಂಶಗಳಲ್ಲಿ ಈ ತೊಡಕು ಕಡಿಮೆ. ನೂರಾರು ಯಂತ್ರಗಳನ್ನು ಒಂದೇ ಪರದೆಯಿಂದ ನೋಡಿಕೊಳ್ಳುವ ಅನುಕೂಲವಿದೆ. ಕರಾರಿಗನುಗುಣವಾಗಿ ಅಪರಾತ್ರಿಯಲ್ಲೂ ತಜ್ಞರ ನೆರವು ದೊರೆಯುತ್ತದೆ. ಆದರೆ ಪರವಾನಗಿಯ ಶುಲ್ಕವನ್ನು ಸಾಮಾನ್ಯವಾಗಿ ಯಂತ್ರಗಳ ಸಂಖ್ಯೆಯಿಂದಲೋ ದತ್ತಾಂಶದ ಗಾತ್ರದಿಂದಲೋ ಅಳೆಯುವರಾದ್ದರಿಂದ, ಸಂಸ್ಥೆ ಬೆಳೆದಂತೆ ಖರ್ಚೂ ಬೆಳೆಯುತ್ತದೆ. ಒಡೆತನವೂ ಸ್ಥಿರವಲ್ಲ. ಹೆಸರಾಂತ ‘ನೆಟ್‌ಬ್ಯಾಕಪ್’ 1997ರಲ್ಲಿ ವೆರಿಟಾಸ್‌ಗೂ 2005ರಲ್ಲಿ ಸಿಮ್ಯಾಂಟೆಕ್‌ಗೂ ಸೇರಿ, 2016ರಲ್ಲಿ ಮತ್ತೆ ಪ್ರತ್ಯೇಕಗೊಂಡ ವೆರಿಟಾಸ್‌ನದಾಗಿ, 2024ರಲ್ಲಿ ಕೊಹೆಸಿಟಿಯ ವಶವಾಯಿತು. ಬಾಡಿಗೆ ಮನೆಯ ಮಾಲೀಕ ಬದಲಾದಾಗ ಕರಾರುಪತ್ರವನ್ನು ಮತ್ತೊಮ್ಮೆ ಓದುವಂತೆ ಇಲ್ಲಿಯೂ ಓದಬೇಕಾಗುತ್ತದೆ.

ಇಷ್ಟಾದರೂ ಬೆಲೆಯ ಚರ್ಚೆಯಲ್ಲಿ ಮುಖ್ಯ ವಿಷಯವೇ ಮರೆಯಾಗುವುದುಂಟು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ ಎಂಜಿನಿಯರೊಬ್ಬರು ಮುಖ್ಯ ದತ್ತಸಂಚಯವನ್ನೇ ಅಚಾತುರ್ಯದಿಂದ ಅಳಿಸಿದರು. ನಿತ್ಯದ ಪ್ರತಿಗಾಗಿ ಹುಡುಕಿದರೆ ಅದು ಇರಲೇ ಇಲ್ಲ! ಪ್ರತಿ ತೆಗೆಯುವ ಸಾಧನದ ಆವೃತ್ತಿ ಹೊಂದದೆ ಕೆಲಸ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗಿದ್ದವು. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಆಕಸ್ಮಿಕವಾಗಿ ನೆರವಿಗೆ ಬಂದಿತು. ಆ ಆರು ಗಂಟೆಗಳಲ್ಲಿ ಸೇರಿದ್ದ ಮಾಹಿತಿ ಮಾತ್ರ ಮರಳಲಿಲ್ಲ. ಜ್ಞಾನದ ಕೊರತೆಯಿಲ್ಲದ ಸಂಸ್ಥೆಯ ಪಾಡೇ ಹೀಗಾಯಿತು.

ಇಪ್ಪತ್ತು ಮೂವತ್ತು ಯಂತ್ರಗಳಿದ್ದು, ಲಿನಕ್ಸ್ ಬಲ್ಲ ಇಬ್ಬರು ಸಿಬ್ಬಂದಿಯುಳ್ಳ ಶಾಲೆಗೆ ಉಚಿತ ತಂತ್ರಾಂಶವೇ ಧಾರಾಳವಾಗಿ ಸಾಕು. ಬಲ್ಲವರಿಲ್ಲದೆಡೆ ಕೊಳ್ಳುವುದೇ ಲೇಸು. ಆದರೆ ಕೊಳ್ಳುವ ಮುನ್ನ, ಕಳೆದ ತಿಂಗಳ ಅಂಕಪಟ್ಟಿಯೊಂದನ್ನು ಬೇರೊಂದು ಯಂತ್ರಕ್ಕೆ ಮರಳಿಸಿ ತೋರಿಸುವಂತೆ ಮಾರಾಟಗಾರರನ್ನು ಕೇಳಬೇಕು. ಉಚಿತದ್ದಾದರೆ ಅದೇ ಪರೀಕ್ಷೆಯನ್ನು, ಸ್ಥಾಪಿಸಿದವರಲ್ಲದೆ ಮತ್ತೊಬ್ಬರು, ಬರೆದಿಟ್ಟ ಸೂಚನೆಗಳನ್ನು ಮಾತ್ರ ಓದಿಕೊಂಡು ನಡೆಸಬೇಕು.