ವಾಹನದ ‘ಇ.ಸಿ.ಎಂ.’ ಬಿಚ್ಚುವ ಮೊದಲು

ಕೊಯ್ಲಿನ ಕಾಲದಲ್ಲಿ ಬೆಳೆಗಾರನಿಗೆ ಆಳುಕಾಳುಗಳಷ್ಟೇ ಮುಖ್ಯವಾದದ್ದು ವಾಹನ. ಗೊನೆ ತೋಟದಿಂದ ಕಣಕ್ಕೆ ಬರಬೇಕು. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಚನ್ನಗಿರಿಗೋ ಭೀಮಸಮುದ್ರಕ್ಕೋ ಶಿವಮೊಗ್ಗಕ್ಕೋ ಹೋಗಬೇಕು. ಇಂಥ ದಿನಗಳಲ್ಲಿ ಪಿಕಪ್ ಅಥವಾ ಜೀಪು ಕೈಕೊಟ್ಟರೆ ಒಂದು ವಾರದ ಕೆಲಸವೇ ಹಿಂದೆ ಬೀಳುತ್ತದೆ. ಮಳೆ ಕಡಮೆಯ ಜಗಳೂರು ತಾಲ್ಲೂಕಿನಲ್ಲಿ ಕೊಳವೆಬಾವಿ ನಂಬಿ ತೋಟ ಎಬ್ಬಿಸಿದವರಿಗಂತೂ ದೊಡ್ಡ ರಿಪೇರಿ ಎಂದರೆ ದಾವಣಗೆರೆಯತ್ತ ಮುಖ ಮಾಡಬೇಕಾದ ಸ್ಥಿತಿ. ಆದ್ದರಿಂದ ಊರಲ್ಲೇ ಬಿಚ್ಚಿ ನೋಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಈ ಅಭ್ಯಾಸ ಒಳ್ಳೆಯದೇ. ಆದರೆ ಈಗಿನ ವಾಹನಗಳಲ್ಲಿ ಒಂದು ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ.

ಈ ಪೆಟ್ಟಿಗೆ ಏನು ಮಾಡುತ್ತದೆ?

ಹಳೆಯ ಡೀಸೆಲ್ ಜೀಪಿನಲ್ಲಿ ಎಣ್ಣೆಯನ್ನು ಅಳತೆಮಾಡಿ ಕೊಡುತ್ತಿದ್ದುದು ಇಂಧನ ಪಂಪು. 1951ರಲ್ಲಿ ಆರಂಭವಾಗಿ, 2008ರಿಂದ ಬಾಷ್ ಎಂಬ ಹೆಸರಿನಲ್ಲಿರುವ ‘ಮೈಕೋ’ ಕಂಪನಿಯ ಪಂಪು ನಮ್ಮ ರೈತರಿಗೆಲ್ಲ ಪರಿಚಿತ. ಈಗ ಎಷ್ಟು ಎಣ್ಣೆ, ಯಾವ ಕ್ಷಣದಲ್ಲಿ ಎಂಬುದನ್ನು ತೀರ್ಮಾನಿಸುವುದು ಎಂಜಿನ್ ನಿಯಂತ್ರಣ ಪೆಟ್ಟಿಗೆ, ಅಂದರೆ ಮೆಕ್ಯಾನಿಕ್ಕುಗಳು ಹೇಳುವ ‘ಇ.ಸಿ.ಎಂ.’. ಎಂಜಿನ್ನಿನ ಶಾಖ, ಗಾಳಿ, ವೇಗ, ಆಕ್ಸಿಲರೇಟರಿನ ಒತ್ತಡ ಇವನ್ನೆಲ್ಲ ತಂತಿಗಳ ಮೂಲಕ ತಿಳಿದುಕೊಂಡು ಅದು ಇಂಜೆಕ್ಟರುಗಳಿಗೆ ಆಜ್ಞೆ ಕೊಡುತ್ತದೆ. ಹೊಗೆ ನಿಯಂತ್ರಣದ ಬಿ.ಎಸ್. 4 ನಿಯಮ 2017ರ ಏಪ್ರಿಲ್ 1ರಿಂದ, ಬಿ.ಎಸ್. 6 ನಿಯಮ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದ ಮೇಲೆ ಈ ಪೆಟ್ಟಿಗೆಯಿಲ್ಲದ ಹೊಸ ವಾಹನ ಸಿಗುವುದೇ ದುರ್ಲಭ. 50 ಅಶ್ವಶಕ್ತಿ ಮೀರಿದ ಟ್ರಾಕ್ಟರುಗಳಿಗೂ 2023ರಿಂದ ಬಿಗಿಯಾದ ನಿಯಮ ಬಂದಿದ್ದು, ಅವುಗಳಲ್ಲಿಯೂ ಇದು ಕಾಣಿಸಿಕೊಂಡಿದೆ.

ಬಿಚ್ಚಲೇಬೇಕೆ?

ಎಂಜಿನ್ ಚಾಲೂ ಆಗದಿದ್ದರೆ ತಕ್ಷಣ ‘ಇ.ಸಿ.ಎಂ. ಹೋಗಿದೆ’ ಎಂದು ತೀರ್ಮಾನಿಸಬಾರದು. ಸುಟ್ಟ ಫ್ಯೂಸು, ಸಡಿಲವಾದ ಬ್ಯಾಟರಿ ಟರ್ಮಿನಲ್, ತುಕ್ಕು ಹಿಡಿದ ಅರ್ಥ್ ತಂತಿ, ಇಲಿ ಕಡಿದ ವೈರು, ನೀರು ಹೊಕ್ಕ ಕನೆಕ್ಟರು ಇವೆಲ್ಲ ಅದೇ ಲಕ್ಷಣ ತೋರಿಸುತ್ತವೆ. ತೋಟದ ಮನೆಯಲ್ಲಿ ನಿಲ್ಲಿಸಿದ ವಾಹನದಲ್ಲಿ ಇಲಿಯ ಕಾಟವಂತೂ ಸಾಮಾನ್ಯ. ಮೊದಲು ಇವನ್ನು ನೋಡಿ, ಸ್ಕ್ಯಾನರ್ ಹಾಕಿಸಿ, ಆಮೇಲೆ ಪೆಟ್ಟಿಗೆಗೆ ಕೈ ಹಾಕಬೇಕು. ಹೊಸ ಪೆಟ್ಟಿಗೆಗೆ ದೊಡ್ಡ ಮೊತ್ತವೇ ಬೇಕಾಗುತ್ತದೆಂಬುದನ್ನು ಮರೆಯಬಾರದು.

ಬಿಚ್ಚುವ ಕ್ರಮ

1. ಕೀಲಿ ‘ಆಫ್’ ಮಾಡಿ ಹೊರತೆಗೆದ ಮೇಲೆ ಕೆಲವು ನಿಮಿಷ ಸುಮ್ಮನಿರಬೇಕು. ಕೀಲಿ ತೆಗೆದ ನಂತರವೂ ಪೆಟ್ಟಿಗೆ ಸ್ವಲ್ಪ ಹೊತ್ತು ಎಚ್ಚರವಿದ್ದು ತನ್ನ ಲೆಕ್ಕಗಳನ್ನು ಬರೆದಿಟ್ಟುಕೊಳ್ಳುತ್ತದೆ. ಅಲ್ಲದೆ ಇಂಜೆಕ್ಟರುಗಳಿಗಾಗಿ ಅದು ಬ್ಯಾಟರಿಯ 12 ವೋಲ್ಟನ್ನು ಹಲವು ಪಟ್ಟು ಏರಿಸಿ ಇಟ್ಟುಕೊಂಡಿರುತ್ತದೆ, ಅದು ಇಳಿಯಬೇಕು.

2. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಬೇಕು. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರು ಬಾಡಿಗೆ ತಾಗಿದರೆ ಕಿಡಿ ಹಾರಿ ಅನಾಹುತವಾಗುತ್ತದೆ. ಮರಳಿ ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ.

3. ಪೆಟ್ಟಿಗೆ ಎಲ್ಲಿದೆ ಎಂದು ವಾಹನದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬಾನೆಟ್ಟಿನೊಳಗೆ ಬ್ಯಾಟರಿಯ ಬಳಿ, ಡ್ಯಾಶ್‌ಬೋರ್ಡಿನ ಅಡಿ, ಕೆಲವುಗಳಲ್ಲಿ ಸೀಟಿನ ಕೆಳಗೆ ಇರುತ್ತದೆ. ಡ್ಯಾಶ್‌ಬೋರ್ಡಿನ ಸುತ್ತ ಹಳದಿ ಬಣ್ಣದ ಕನೆಕ್ಟರು ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದನ್ನು ಮುಟ್ಟಕೂಡದು.

4. ಮುಟ್ಟುವ ಮೊದಲು ವಾಹನದ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಬೇಕು. ನಡೆದಾಡುವಾಗ, ಬಟ್ಟೆ ಉಜ್ಜಿದಾಗ ಮೈಯಲ್ಲಿ ಸ್ಥಾಯಿ ವಿದ್ಯುತ್ತು ಸೇರಿರುತ್ತದೆ. ನಮಗೆ ಅರಿವಿಗೇ ಬಾರದಷ್ಟು ಕಿಡಿಯೂ ಒಳಗಿನ ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲದು. ಗಾಳಿ ಒಣಗಿದಷ್ಟೂ ಇದು ಹೆಚ್ಚು. ಜಗಳೂರಿನ ಬೇಸಿಗೆಯಲ್ಲಿ ಇನ್ನೂ ಎಚ್ಚರ ಬೇಕು.

5. ಕನೆಕ್ಟರುಗಳ ಒಂದು ಫೋಟೋ ತೆಗೆದುಕೊಂಡು, ಲಾಕನ್ನು ಸರಿಸಿ, ಸನ್ನೆಯನ್ನು ನಿಧಾನವಾಗಿ ಎತ್ತಿ ಬಿಡಿಸಬೇಕು. ವೈರು ಹಿಡಿದು ಎಳೆಯುವುದಾಗಲಿ, ಸ್ಕ್ರೂಡ್ರೈವರಿನಿಂದ ಮೀಟುವುದಾಗಲಿ ಕೂಡದು. ಪಿನ್ನುಗಳಿಗೆ ಬೆರಳು ತಾಗಿಸಬಾರದು. ಒಂದು ಪಿನ್ನು ಬಾಗಿದರೂ ಮುಂದೆ ನೂರು ತೊಂದರೆ.

6. ಬಿಚ್ಚಿದ ಪೆಟ್ಟಿಗೆಯನ್ನು ಸಾಮಾನ್ಯ ಪ್ಲಾಸ್ಟಿಕ್ ಚೀಲದಲ್ಲಾಗಲಿ ಗೊಬ್ಬರದ ಚೀಲದಲ್ಲಾಗಲಿ ಸುತ್ತಿಡಬಾರದು. ಅವು ಸ್ಥಾಯಿ ವಿದ್ಯುತ್ತನ್ನು ಹುಟ್ಟಿಸುತ್ತವೆ. ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ವಿಶೇಷ ಚೀಲ ಉತ್ತಮ. ಇಲ್ಲದಿದ್ದರೆ ಒಣ ರಟ್ಟಿನ ಪೆಟ್ಟಿಗೆ ಆದೀತು. ರಿಪೇರಿಗೆ ಕೊಡುವಾಗ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ರಸೀದಿ ಪಡೆಯಬೇಕು.

ಒಂದರದು ಇನ್ನೊಂದಕ್ಕೆ ಹೊಂದದು

ನೆರೆಯವರ ಅದೇ ಮಾದರಿಯ ಪಿಕಪ್ಪಿನ ಪೆಟ್ಟಿಗೆಯನ್ನು ತಂದು ಹಾಕಿ ನೋಡುವವರಿದ್ದಾರೆ. ಕಳ್ಳತನ ತಡೆಯಲು ಕೀಲಿಯ ಗುಪ್ತಸಂಖ್ಯೆಯನ್ನೂ, ಡೀಸೆಲ್ ಗಾಡಿಗಳಲ್ಲಿ ಇಂಜೆಕ್ಟರುಗಳ ಸಂಖ್ಯೆಯನ್ನೂ ಪೆಟ್ಟಿಗೆಗೆ ಹೇಳಿಕೊಟ್ಟಿರುತ್ತಾರೆ. ಆದ್ದರಿಂದ ಸಾಮಾನ್ಯವಾಗಿ ಗಾಡಿ ಚಾಲೂ ಆಗುವುದಿಲ್ಲ. ಆಗ ಒಳ್ಳೆಯ ಪೆಟ್ಟಿಗೆಯೂ ಕೆಟ್ಟಿದೆಯೆಂಬ ತಪ್ಪು ನಿರ್ಣಯಕ್ಕೆ ಬರುತ್ತೇವೆ. ಬದಲಿಸುವುದಾದರೆ ಸಂಖ್ಯೆಗಳನ್ನು ಸರಿಯಾಗಿ ಹೊಂದಿಸಬಲ್ಲವರ ಕೈಯಲ್ಲೇ ಆಗಬೇಕು.

ಬಿಚ್ಚದೆಯೇ ಕೆಡುವ ಬಗೆ

ಪೆಟ್ಟಿಗೆ ತಾನಾಗಿ ಕೆಡುವುದಕ್ಕಿಂತ ನಾವು ಕೆಡಿಸುವುದೇ ಹೆಚ್ಚೆಂದು ಭಾವಿಸಿದರೆ ತಪ್ಪಲ್ಲ. ನಾಲ್ಕು ಸಂಗತಿಗಳನ್ನು ಬೆಳೆಗಾರ ಬಾಂಧವರು ವಿಶೇಷವಾಗಿ ನೆನಪಿಡಬೇಕು.

ಮೊದಲನೆಯದು ವೆಲ್ಡಿಂಗ್. ಗೊನೆ ತುಂಬಲು ಪಿಕಪ್ಪಿಗೆ ಕಟಕಟೆ ಕಟ್ಟಿಸುವಾಗ ವೆಲ್ಡಿಂಗಿನ ಭಾರಿ ವಿದ್ಯುತ್ತು ಬಾಡಿಯ ಮೂಲಕ ಹರಿಯುತ್ತದೆ. ಅದಕ್ಕೆ ಪೆಟ್ಟಿಗೆಯ ತಂತಿಯೂ ಒಂದು ದಾರಿಯೇ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ತಂತಿಗಳನ್ನೂ, ಇ.ಸಿ.ಎಂ. ಕನೆಕ್ಟರನ್ನೂ ಬಿಡಿಸಬೇಕು, ಅರ್ಥ್ ಕ್ಲಾಂಪನ್ನು ಬೆಸುಗೆಯ ಜಾಗಕ್ಕೆ ಆದಷ್ಟು ಹತ್ತಿರ ಹಾಕಿಸಬೇಕು.

ಎರಡನೆಯದು ಬೋರ್ಡೋ ದ್ರಾವಣ ಹೊಡೆಯುವ ಪವರ್ ಸ್ಪ್ರೇಯರಿನಿಂದಲೇ ಬಾನೆಟ್ ಎತ್ತಿ ತೊಳೆಯುವುದು. ಒತ್ತಡದ ನೀರು ಕನೆಕ್ಟರಿನ ರಬ್ಬರನ್ನು ದಾಟಿ ಒಳಹೊಕ್ಕುತ್ತದೆ. ಪೈಪಿನಲ್ಲಿ ಉಳಿದ ಮೈಲುತುತ್ತ ಲೋಹವನ್ನು ತಿನ್ನುವಂಥದು. ಎಂಜಿನ್ ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಮೂರನೆಯದು ಕೇಬಲ್ ಕೊಟ್ಟು ಚಾಲೂ ಮಾಡುವುದು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ಅದರಿಂದ 12 ವೋಲ್ಟಿನ ಪಿಕಪ್ಪಿಗೆ ಕೇಬಲ್ ಕೊಡುವುದೆಂದರೆ ಪೆಟ್ಟಿಗೆಯ ಪ್ರಾಣಕ್ಕೇ ಸಂಚಕಾರ. ಕೇಬಲ್ ತಿರುವುಮುರುವಾದರೂ ಅಷ್ಟೇ.

ನಾಲ್ಕನೆಯದು ಹಳೆಯ ರೂಢಿ. ಒಂದೇ ಬ್ಯಾಟರಿಯಿಂದ ಜೀಪು ಚಾಲೂ ಮಾಡಿ, ಎಂಜಿನ್ ಓಡುತ್ತಿರುವಾಗಲೇ ಅದನ್ನು ಬಿಚ್ಚಿ ಟ್ರಾಕ್ಟರಿಗೆ ಒಯ್ಯುತ್ತಿದ್ದ ಕಾಲವಿತ್ತು. ಹಳೆಯ ಡೀಸೆಲ್ ಎಂಜಿನ್ ಅದನ್ನು ತಾಳಿಕೊಂಡಿತು. ಈಗ ಹಾಗೆ ಮಾಡಿದರೆ ಆಲ್ಟರ್ನೇಟರಿನ ವೋಲ್ಟೇಜು ಒಮ್ಮೆಲೇ ನೆಗೆದು ಪೆಟ್ಟಿಗೆಯನ್ನು ಸುಡುತ್ತದೆ.

ಗೊನೆ ಇಳಿಸುವ ಮುನ್ನವೇ ಅರ್ಥ್ ತಂತಿ, ಟರ್ಮಿನಲ್ಲು, ಕನೆಕ್ಟರುಗಳನ್ನು ಒಮ್ಮೆ ಪರೀಕ್ಷಿಸಿಟ್ಟುಕೊಂಡರೆ ಕೊಯ್ಲಿನ ಮಧ್ಯೆ ಈ ಪೆಟ್ಟಿಗೆಯನ್ನು ಬಿಚ್ಚುವ ಪ್ರಸಂಗವೇ ಬಹುಮಟ್ಟಿಗೆ ಬಾರದು. ಬಂದರೂ, ಬ್ಯಾಟರಿಯ ನೆಗೆಟಿವ್ ಬಿಚ್ಚಿದ ನಂತರವೇ ಮುಂದಿನ ಕೆಲಸ ಎಂಬ ನಿಯಮವನ್ನು ಮನೆಯ ಹುಡುಗರಿಗೂ ಡ್ರೈವರಿಗೂ ಇಂದೇ ತಿಳಿಸಿಡುವುದು ಕ್ಷೇಮ.