ಗಣಕಕ್ಕೂ ಪ್ರತ್ಯೇಕವಾಸ

ಸಾಂಕ್ರಾಮಿಕ ರೋಗ ತಗುಲಿದವರನ್ನು ಪ್ರತ್ಯೇಕವಾಗಿರಿಸುವುದು ಎಲ್ಲರೂ ಬಲ್ಲ ಕ್ರಮ. ವಿದ್ಯಾಲಯಗಳ ಆವರಣದಲ್ಲಿ ಗಣಕಯಂತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. 2003ರ ಆಗಸ್ಟ್‌ನಲ್ಲಿ ‘ಬ್ಲಾಸ್ಟರ್’ ಎಂಬ ಗಣಕ ಹುಳು ವಿಂಡೋಸ್ ಯಂತ್ರಗಳಿಗೆ ಹರಡಿತು. ಯಾವ ಕಡತವನ್ನೂ ತೆರೆಯದಿದ್ದರೂ, ಜಾಲಕ್ಕೆ ಜೋಡಿಸಿದ ಮಾತ್ರಕ್ಕೇ ಅದು ಅಂಟಬಹುದಾಗಿತ್ತು. ಅದಕ್ಕೆ ತಕ್ಕ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಜುಲೈನಲ್ಲಿಯೇ ನೀಡಿದ್ದಿತು, ಅಳವಡಿಸಿಕೊಳ್ಳದವರು ಸಿಕ್ಕಿಬಿದ್ದರು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸೋಂಕಿತ ಗಣಕಗಳನ್ನು ಜಾಲದಿಂದ ದೂರವಿರಿಸಿದವು.

ವಿದ್ಯಾರ್ಥಿನಿಲಯದಲ್ಲಿರುವ ನಮ್ಮ ಮಕ್ಕಳು ಪ್ರಬಂಧ ಒಪ್ಪಿಸುವ ದಿನವೇ ಸಂಪರ್ಕ ತಪ್ಪಿತೆಂದು ಕಂಗೆಡಬಾರದು. ಮೊದಲು ಕಾರಣವನ್ನು ಗುರುತಿಸಬೇಕು. ನೆರೆಕೋಣೆಯವರ ಗಣಕಗಳೂ ನಿಂತಿದ್ದರೆ ದೋಷವು ಬಹುಶಃ ಆವರಣದ ಜಾಲದ್ದು. ತಮ್ಮದೊಂದೇ ನಿಂತಿದ್ದು, ಅದರ ಐಪಿ ವಿಳಾಸ 169.254 ಎಂದು ಆರಂಭವಾಗುತ್ತಿದ್ದರೆ, ಜಾಲವು ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲವೆಂದು ಅರ್ಥ. ಆಗ ತಂತಿಯನ್ನೋ ವೈಫೈಯನ್ನೋ ಪರೀಕ್ಷಿಸಿ, ಗಣಕವನ್ನು ಮತ್ತೆ ಚಾಲೂ ಮಾಡಬೇಕು. ವಿಳಾಸ ಸರಿಯಿದ್ದೂ ಸಂಪರ್ಕವಿಲ್ಲದಿದ್ದರೆ ನೋಂದಣಿಯ ಅವಧಿ ಮುಗಿದಿರಬಹುದು, ಇಲ್ಲವೇ ಸೋಂಕಿನ ಶಂಕೆಯಿಂದ ತಡೆದಿರಬಹುದು. ಗಣಕ ಕೇಂದ್ರದಲ್ಲಿ ವಿಚಾರಿಸಿ, ವೈರಸ್ ಶೋಧಿಸಿ, ತಿದ್ದುಪಡಿಗಳನ್ನು ಅಳವಡಿಸಿದ ಬಳಿಕ ಮರುಸಂಪರ್ಕ ಕೋರಬೇಕು.

ಗೆಳೆಯನ ಗುರುತುಪದದಿಂದ ಒಳಹೊಗುವುದು ಮಾತ್ರ ಸಲ್ಲದು; ಅದು ಜ್ವರವನ್ನು ನೆರೆಮನೆಗೆ ಹೊತ್ತೊಯ್ದಂತೆ.