ಬಿಟ್ಟು ಹೋಗಲು ಒಪ್ಪದವರ ಊರು

ಆಂಟಿಗುವಾದಲ್ಲಿ ದಾರಿ ತಪ್ಪುವ ಭಯವಿಲ್ಲ. ದಕ್ಷಿಣಕ್ಕೆ ಹೋಗುವ ಯಾವ ಬೀದಿಯಲ್ಲಿ ನಿಂತರೂ ತುದಿಯಲ್ಲಿ ಆಗ್ವಾ ಪರ್ವತ ಕಾಣುತ್ತದೆ. ಪಶ್ಚಿಮಕ್ಕೆ ತಿರುಗಿದರೆ ಹೆಂಚಿನ ಮಾಡುಗಳಾಚೆ ಅಕಟೆನಾಂಗೊ, ಅದರ ಪಕ್ಕಕ್ಕೇ ಫ್ವೇಗೊ. ಮೂರೂ ಜ್ವಾಲಾಮುಖಿಗಳು. ಆಗ್ವಾ ಮಲಗಿದೆ, ಫ್ವೇಗೊ ಎಚ್ಚರವಾಗಿದೆ. ನಾವು ಬಂದಿಳಿದ ಮಧ್ಯಾಹ್ನ ಅದರ ನೆತ್ತಿಯಿಂದ ಬೂದುಬಣ್ಣದ ಹೊಗೆ ಎದ್ದಾಗ ನಾನು ನಡುಬೀದಿಯಲ್ಲೇ ನಿಂತುಬಿಟ್ಟೆ. ಪಕ್ಕದಲ್ಲಿ ಹಣ್ಣು ಮಾರುತ್ತಿದ್ದ ಹೆಂಗಸು ತಲೆ ಎತ್ತಲೂ ಇಲ್ಲ. ಮಾವಿನಕಾಯಿ ಹೆಚ್ಚುತ್ತಲೇ ಇದ್ದಳು.

ಗ್ವಾಟೆಮಾಲಾ ದೇಶದ ಈ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ನಾವು ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರು. ಅರೇಬಿಕಾ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಹೊರಟಿದ್ದೆವು. ನಮ್ಮವರಿಗೆ ಬೆಟ್ಟ ಹತ್ತುವ ಹುಚ್ಚು, ನನಗೆ ಹಳೆಯ ಕಟ್ಟಡಗಳದ್ದು. ಎರಡೂ ಒಂದೇ ಕಡೆ ಸಿಗುವುದು ಅಪರೂಪ.

ನಡುವಿನ ಚೌಕದಿಂದ ನಡಿಗೆ ಶುರು ಮಾಡಬೇಕು. ಡಿಯೆಗೊ ದೆ ಪೊರ್ರೆಸ್ 1738ರಲ್ಲಿ ಕಟ್ಟಿದ ಕಾರಂಜಿ ಅಲ್ಲಿದೆ. ಪೂರ್ವಕ್ಕೆ ಇಗರ್ಜಿ. ಎದುರಿನ ಬಿಳಿ ಗೋಡೆ ನೋಡಿ ಎಲ್ಲ ಸುಸೂತ್ರವಾಗಿದೆ ಅಂದುಕೊಂಡು ಹಿಂಬದಿಗೆ ಹೋದರೆ ಎದೆ ಝಲ್ಲೆನ್ನುತ್ತದೆ. ಮುಂದಿನ ತುಂಡಿನಲ್ಲಿ ಮಾತ್ರ ಪ್ರಾರ್ಥನೆ ನಡೆಯುತ್ತದೆ. ಹಿಂದಿನ ಅಷ್ಟೂ ಭಾಗದಲ್ಲಿ ದಪ್ಪ ಕಂಬ, ಕಮಾನುಗಳು ನಿಂತಿವೆ, ಗುಮ್ಮಟವಿದ್ದ ಜಾಗದಲ್ಲಿ ಆಕಾಶ ಕಾಣುತ್ತದೆ. ಈ ಊರಿನ ಕತೆಯೆಲ್ಲ ಆ ಬಯಲಲ್ಲೇ ಇದೆ.

ಸ್ಪೇನಿನವರು ಇಲ್ಲಿ ರಾಜಧಾನಿ ಕಟ್ಟಿದ್ದು 1543ರಲ್ಲಿ. ಅದಕ್ಕೆ ಮೊದಲು ಆಗ್ವಾದ ಬುಡದಲ್ಲೇ ಅವರದೊಂದು ರಾಜಧಾನಿ ಇತ್ತು. 1541ರ ಸೆಪ್ಟೆಂಬರಿನಲ್ಲಿ ಮಳೆ ಹಿಡಿದು, ಬೆಟ್ಟದಿಂದ ಕೆಸರೂ ಬಂಡೆಗಳೂ ಇಳಿದು ಆ ಊರನ್ನು ಹೂತುಹಾಕಿದವು. ಆಗಷ್ಟೇ ಆಡಳಿತ ವಹಿಸಿಕೊಂಡಿದ್ದ ಬೆಯಾಟ್ರಿಸ್ ದೆ ಲಾ ಕ್ವೇವಾ ಕೂಡ ಅದರಲ್ಲೇ ಸತ್ತಳು. ಅಲ್ಲಿಂದ ಎದ್ದು ಬಂದವರು ಕೆಲವೇ ಮೈಲಿ ದೂರದಲ್ಲಿ ಈ ಹೊಸ ಊರನ್ನು ಚೌಕುಳಿ ಬೀದಿಗಳಾಗಿ ಹಾಕಿದರು. ಮಧ್ಯ ಅಮೆರಿಕದ ಬಹುಪಾಲನ್ನು ಇಲ್ಲಿಂದಲೇ ಆಳಿದರು. 1717ರಲ್ಲಿ ನೆಲ ನಡುಗಿತು, 1751ರಲ್ಲಿ ಮತ್ತೆ ನಡುಗಿತು. 1773ರ ಜುಲೈ 29ರಂದು ಆದ ಭೂಕಂಪದ ಮೇಲೆ ಸರ್ಕಾರದ ತಾಳ್ಮೆ ಮುಗಿಯಿತು. ರಾಜಧಾನಿಯನ್ನೇ ಎತ್ತಬೇಕೆಂದು ಕ್ಯಾಪ್ಟನ್ ಜನರಲ್ ಮಾರ್ಟಿನ್ ದೆ ಮಯೋರ್ಗಾ ಹಟ ಹಿಡಿದ. ಆರ್ಚ್‌ಬಿಷಪ್ ಪೆದ್ರೊ ಕೊರ್ತೆಸ್ ಇ ಲಾರ್ರಾಸ್ ಅದನ್ನು ಬಲವಾಗಿ ವಿರೋಧಿಸಿದ. ಗೆದ್ದದ್ದು ಮಯೋರ್ಗಾ. 1776ರಲ್ಲಿ ರಾಜಧಾನಿ ಈಗಿನ ಗ್ವಾಟೆಮಾಲಾ ನಗರಕ್ಕೆ ಹೋಯಿತು. ಊರು ಖಾಲಿ ಮಾಡಿ ಎಂದು ಜನರಿಗೂ ಆಜ್ಞೆಯಾಯಿತು. ಎಲ್ಲರೂ ಹೋಗಲಿಲ್ಲ.

ಹೋಗದೆ ಉಳಿದವರಿಂದಲೇ ಈ ಊರು ಉಳಿಯಿತು ಎಂಬುದು ನನ್ನ ದೃಢ ನಂಬಿಕೆ. ಅಧಿಕಾರ, ದುಡ್ಡು ಎರಡೂ ಹೊಸ ನಗರಕ್ಕೆ ಹೊರಟುಹೋದ ಮೇಲೆ ಬಿದ್ದದ್ದನ್ನು ಕೆಡವಿ ದೊಡ್ಡದು ಕಟ್ಟುವವರು ಇಲ್ಲಿ ಯಾರೂ ಇರಲಿಲ್ಲ. ಉಳಿದವರು ತಮಗೆ ಬೇಕಾದಷ್ಟು ರಿಪೇರಿ ಮಾಡಿಕೊಂಡು ಬದುಕಿದರು. ಯುನೆಸ್ಕೊ 1979ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಸಾರಿದ್ದು ಅವರು ಹೀಗೆ ಕಾದುಕೊಂಡು ಬಂದದ್ದನ್ನೇ.

ಉತ್ತರಕ್ಕೆ ನಡೆದರೆ ಹಳದಿ ಬಣ್ಣದ ಸಾಂತಾ ಕಾತಲೀನಾ ಕಮಾನು. ಸನ್ಯಾಸಿನಿಯರು ಹೊರಗಿನವರ ಕಣ್ಣಿಗೆ ಬೀಳದೆ ಬೀದಿ ದಾಟಲೆಂದು ಕಟ್ಟಿದ್ದು. ಫೋಟೊ ತೆಗೆಯುವವರ ಜಾತ್ರೆ ಅಲ್ಲಿ ಮುಗಿಯುವುದೇ ಇಲ್ಲ. ಅದನ್ನು ದಾಟಿ ಲಾ ಮೆರ್ಸೆದ್ ಇಗರ್ಜಿಗೆ ಹೋಗಿ. 1767ರಲ್ಲಿ ಮುಗಿದ ಈ ಕಟ್ಟಡ ಆರು ವರ್ಷದ ನಂತರದ ಭೂಕಂಪವನ್ನು ಹೆಚ್ಚು ಪೆಟ್ಟಿಲ್ಲದೆ ತಾಳಿಕೊಂಡಿತು. ಯಾಕೆಂದು ನೋಡಿದರೇ ತಿಳಿಯುತ್ತದೆ: ಗೋಡೆಗಳು ವಿಪರೀತ ದಪ್ಪ, ಗೋಪುರಗಳು ಮೋಟು. ಪೆಟ್ಟು ತಿಂದು ಪಾಠ ಕಲಿತ ಮೇಸ್ತ್ರಿಗಳ ಕೆಲಸ ಅದು. ಆದರೂ ಮುಂಭಾಗದ ಹಳದಿಯ ಮೇಲೆ ಬಿಳಿ ಗಾರೆಯಲ್ಲಿ ಬಳ್ಳಿ, ಹೂವು ಬಿಡಿಸುವುದನ್ನು ಅವರು ಬಿಡಲಿಲ್ಲ.

ಒಂದೇ ಒಂದು ಪಾಳುಕಟ್ಟಡ ನೋಡಲು ಸಮಯವಿದ್ದರೆ ಕಪುಚಿನಾಸ್ ಮಠವನ್ನೇ ಆರಿಸಿಕೊಳ್ಳಿ. 1736ರ ಈ ಮಠದ ಹಿಂಭಾಗದಲ್ಲಿ ದುಂಡನೆಯ ಕಟ್ಟಡವೊಂದಿದೆ. ನಡುವೆ ತೆರೆದ ಅಂಗಳ, ಸುತ್ತಲೂ ಸನ್ಯಾಸಿನಿಯರ 18 ಪುಟ್ಟ ಕೋಣೆಗಳು. ನಮ್ಮ ತೊಟ್ಟಿಮನೆಯನ್ನು ದುಂಡಗೆ ಬಗ್ಗಿಸಿಟ್ಟಂತೆ ಕಂಡಿತು ನನಗೆ. ಒಂದು ಕೋಣೆಯೊಳಗೆ ಹೋಗಿ ಕೈಚಾಚಿದೆ. ಇಷ್ಟರಲ್ಲೇ ಒಂದು ಇಡೀ ಆಯುಷ್ಯ ಕಳೆದವರಿದ್ದರಲ್ಲ ಎಂದು ಹೊಟ್ಟೆ ಹಿಂಡಿದಂತಾಯಿತು.

ಮಾಂಸ ತಿನ್ನದವರು ಊಟಕ್ಕೆ ಅಂಜಬೇಕಿಲ್ಲ. ಮುಸುಕಿನ ಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ಅಂಗೈಯಲ್ಲೇ ಪಟಪಟನೆ ತಟ್ಟಿ ಬೇಯಿಸುವ ತೋರ್ತಿಯಾ, ಅದರ ಜೊತೆಗೆ ರುಬ್ಬಿದ ಕಪ್ಪು ಹುರುಳಿಕಾಯಿ ಬೀಜದ ಪಲ್ಯ, ಬೆಣ್ಣೆಹಣ್ಣು, ಕರಿದ ಬಾಳೆ ಎಲ್ಲೆಲ್ಲೂ ಸಿಗುತ್ತವೆ. ನಾವು ದಿನವೂ ತಿನ್ನುವ ಮುಸುಕಿನ ಜೋಳ, ಮೆಣಸಿನಕಾಯಿ ಎರಡಕ್ಕೂ ಈ ಸೀಮೆಯೇ ತವರು.

ಇನ್ನು ಅಕಟೆನಾಂಗೊ. ಎತ್ತರ 3,976 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತ ಹೆಚ್ಚು. ಬೆಳಿಗ್ಗೆ ವ್ಯಾನಿನಲ್ಲಿ ಲಾ ಸೊಲೆದಾದ್ ಹಳ್ಳಿಗೆ ಹೋಗಿ ಅಲ್ಲಿಂದ ಹತ್ತುವುದು. ಮೊದಲು ಜೋಳದ ಹೊಲ, ಆಮೇಲೆ ಹಾವಸೆ ಹಿಡಿದ ಮರಗಳ ಮಂಜಿನ ಕಾಡು, ಅದರ ಮೇಲೆ ಪೈನ್, ಕೊನೆಗೆ ಬರೀ ಕಪ್ಪು ಮರಳು. ಕೆಳಗಿನ ಹೊಲಗಳ ನಡುವಿನ ಏರೇ ಎಲ್ಲಕ್ಕಿಂತ ಕಡಿದು. ಕಾಲಡಿಯ ಬೂದಿಮಣ್ಣು ಜಾರುತ್ತದೆ. "ನಿಧಾನ ಹತ್ತು ಮಾರಾಯ್ತಿ, ಯಾರೂ ಓಡಿಸಿಕೊಂಡು ಬರ್ತಿಲ್ಲ" ಎಂದರು ನಮ್ಮವರು. "ಉಸಿರು ಉಳಿಸಿಕೊಳ್ಳ್ರೀ, ಮಾತು ಆಮೇಲೆ" ಎಂದೆ.

ರಾತ್ರಿ ತಂಗುವ ಡೇರೆಗಳು 3,500 ಮೀಟರ್ ದಾಟಿದ ಮೇಲೆ, ಫ್ವೇಗೊಗೆ ಎದುರಾಗಿ. ಚಳಿಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 2017ರ ಜನವರಿಯಲ್ಲಿ ಇದೇ ಬೆಟ್ಟದಲ್ಲಿ ಚಳಿಗೆ ಸಿಕ್ಕಿ ಚಾರಣಿಗರು ಜೀವ ಕಳೆದುಕೊಂಡಿದ್ದಾರೆ. ಉಣ್ಣೆಯ ಟೋಪಿ, ಕೈಗವಸು, ಗಾಳಿ ತಡೆಯುವ ಜಾಕೀಟು ಬೇಕೇ ಬೇಕು. ಕತ್ತಲಾದ ಮೇಲೆ ಫ್ವೇಗೊದ ಬಾಯಿಂದ ಕೆಂಡ ಚಿಮ್ಮಿತು. ಉರಿಯುವ ಬಂಡೆಗಳು ಇಳಿಜಾರಿನಲ್ಲಿ ಉರುಳಿ ಒಂದೊಂದಾಗಿ ಆರಿದವು. ಸದ್ದು ಕೇಳಿದ್ದು ಅದಾದ ಕೆಲವು ಕ್ಷಣಗಳಿಗೆ. ಕಿವಿಗಿಂತ ಮೊದಲು ಅದು ಎದೆಗೆ ತಾಗಿತು. ಪೆಸಿಫಿಕ್ ಸಾಗರದ ತಳದ ಕೊಕೊಸ್ ಫಲಕ ಕೆರಿಬಿಯನ್ ಫಲಕದ ಅಡಿಗೆ ನುಗ್ಗುತ್ತಿರುವುದರಿಂದ ಈ ಬೆಂಕಿ ಎಂದು ಓದಿದ್ದೆ. ಓದಿದ್ದು ಆ ರಾತ್ರಿ ಕಣ್ಣೆದುರಿಗೇ ಇತ್ತು.

ಸುತ್ತಲಿನ ಯುವಕರು ಪ್ರತಿ ಸಿಡಿತಕ್ಕೂ ಕೇಕೆ ಹಾಕುತ್ತಿದ್ದರು. ನಮ್ಮ ಮಾರ್ಗದರ್ಶಿ ಸುಮ್ಮನೆ ಬೆಟ್ಟದ ಇನ್ನೊಂದು ಮಗ್ಗುಲಿಗೆ ಕೈ ತೋರಿಸಿದ. 2018ರ ಜೂನ್ 3ರಂದು ಉರಿಬೂದಿಯ ಪ್ರವಾಹ ಆ ಕಡೆಯ ಕಣಿವೆಯಲ್ಲಿ ಇಳಿದು ಸಾನ್ ಮಿಗೆಲ್ ಲೊಸ್ ಲೊತೆಸ್ ಎಂಬ ಹಳ್ಳಿಯನ್ನು ಮುಚ್ಚಿತು. ನೂರಾರು ಜನ ಸತ್ತರು, ಹಲವರ ಶವವೂ ಸಿಗಲಿಲ್ಲ. ಇಲ್ಲಿಗೆ ಬರುವವರೆಲ್ಲ ಆ ಹಳ್ಳಿಯ ಹೆಸರನ್ನು ತಿಳಿದೇ ಬರಬೇಕು.

ಮರುದಿನ ಇಳಿದು ಬರುವಾಗ ದಾರಿಯಲ್ಲೊಂದು ಕಾಫಿ ತೋಟಕ್ಕೆ ಹೋದೆವು. ನೆರಳಿಗೆ ನಮ್ಮಲ್ಲಿರುವ ಅದೇ ಸಿಲ್ವರ್ ಓಕ್, ಕಣದಲ್ಲಿ ಹರಡಿದ್ದ ಹಣ್ಣು ಸುಲಿದ ಕಾಫಿಬೀಜ, ಅಂದರೆ ಪಾರ್ಚ್‌ಮೆಂಟ್. ಜ್ವಾಲಾಮುಖಿಯ ಕಪ್ಪು ಮಣ್ಣನ್ನು ನಮ್ಮವರು ಮುಷ್ಟಿಯಲ್ಲಿ ಹಿಡಿದು ಮೂಸಿದರು. 2012ರ ಹೊತ್ತಿಗೆ ಮಧ್ಯ ಅಮೆರಿಕದ ತೋಟಗಳಿಗೆ ಎಲೆತುಕ್ಕು ರೋಗ ಭೀಕರವಾಗಿ ಹರಡಿತ್ತು. ಗ್ವಾಟೆಮಾಲಾ ತುರ್ತುಸ್ಥಿತಿಯನ್ನೇ ಘೋಷಿಸಿತ್ತು. ಈ ತೋಟದ ಬೆಳೆಗಾರ ಹಳೆಯ ಗಿಡ ಕಿತ್ತು ಹೊಸ ಸಸಿ ನೆಟ್ಟಿದ್ದ. ಮಾರ್ಗದರ್ಶಿ ಇಬ್ಬರ ಮಾತನ್ನೂ ಅತ್ತಿತ್ತ ದಾಟಿಸುತ್ತಿದ್ದ. ಬೆಳೆಗಾರನೂ ನಮ್ಮವರೂ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು ಎಲೆಗಳನ್ನು ಮಗುಚಿ ನೋಡತೊಡಗಿದರು. ಕೆಲವು ಎಲೆಗಳ ಅಡಿಯಲ್ಲಿ ತುಕ್ಕಿನ ಕಿತ್ತಳೆ ಪುಡಿ ಇತ್ತು. ಬೋರ್ಡೋ ದ್ರಾವಣ ಯಾವಾಗ ಹೊಡೆಯುವುದು, ಎಷ್ಟು ಸಲ ಎಂದು ಶುರುವಾದ ಚರ್ಚೆ ವ್ಯಾನಿನವನು ಹಾರ್ನ್ ಮಾಡಿ ಕರೆದರೂ ಮುಗಿಯಲಿಲ್ಲ.